ಚೊಚ್ಚಲ ಹೆರಿಗೆಗೆ ಹೊತ್ತು ಬೇಕು, ಜೊತೆಗೊಬ್ಬರು ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಬೆಂಗಳೂರಿನ ಸರ್ಕಾರಿ ಮತ್ತು ಖಾಸಗಿ ಹೆರಿಗೆ ಆಸ್ಪತ್ರೆಗಳನ್ನು ನಡೆಸುವ ಎಲ್ಲರಿಗೂ,

ಮಾನ್ಯರೇ,

ಬೆಂಗಳೂರಿನ ಹೆರಿಗೆ ವಾರ್ಡುಗಳಲ್ಲಿ ಕೆಲಸ ಮಾಡುವ ನರ್ಸುಗಳು, ಪ್ರಸೂತಿ ವೈದ್ಯರು ಸೇರಿ ಬರೆಯುತ್ತಿರುವ ಪತ್ರವಿದು. ಹೇಳಬೇಕಾದ ಮಾತು ಒಂದೇ. ಆರೋಗ್ಯವಾಗಿರುವ, ದಿನ ತುಂಬಿದ, ಮಗುವಿನ ತಲೆ ಕೆಳಗಿರುವ ಚೊಚ್ಚಲ ಬಸುರಿ ತಾನಾಗಿ ನೋವು ಬಂದು ಆಸ್ಪತ್ರೆಗೆ ಬರುತ್ತಾಳೆ, ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋಗುತ್ತಾಳೆ. ಎಷ್ಟೋ ಸಲ ಇದಕ್ಕೆ ಕಾರಣ ಅವಳ ದೇಹವಲ್ಲ, ಮಗುವೂ ಅಲ್ಲ. ನಾವು ವಾರ್ಡು ನಡೆಸುವ ರೀತಿ. ಅದನ್ನು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಸಿಸೇರಿಯನ್ನೇ ಬೇಡ ಎನ್ನುತ್ತಿಲ್ಲ. ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯನ್ನು ಮುಚ್ಚಿ ಕೂತಿದ್ದರೆ, ಮಗು ಅಡ್ಡ ಮಲಗಿದ್ದರೆ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಕೆಳಗೆ ಜಾರಿದರೆ, ಮಗುವಿನ ಎದೆಬಡಿತ ಇಳಿದದ್ದು ಮತ್ತೆ ಏಳದಿದ್ದರೆ ಜೀವ ಉಳಿಸುವುದು ಅದೇ. ಆಗ ತಡ ಮಾಡುವುದು ತಪ್ಪು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ 21.5 ಸಿಸೇರಿಯನ್ ಆಗಿದ್ದರೆ ಕರ್ನಾಟಕದಲ್ಲಿ 31.5. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 14.3 ಇರುವ ಪ್ರಮಾಣ ಖಾಸಗಿಯಲ್ಲಿ 47.4. ಇಷ್ಟು ದೊಡ್ಡ ಅಂತರಕ್ಕೆ ಹೆಂಗಸರ ದೇಹ ಕಾರಣವಾಗಿರಲು ಸಾಧ್ಯವಿಲ್ಲ. ಮೊದಲನೆಯದು ಸಿಸೇರಿಯನ್ ಆದವರಿಗೆ ಎರಡನೆಯದೂ ಬಹುಪಾಲು ಹಾಗೇ ಆಗುತ್ತದೆ. ಹಳೆಯ ಹೊಲಿಗೆಯ ಜಾಗದಲ್ಲಿ ಮಾಸು ಆಳಕ್ಕೆ ಬೇರೂರಿ ವಿಪರೀತ ರಕ್ತ ಹೋಗುವ ಅಪಾಯ ಪ್ರತಿ ಆಪರೇಷನ್ನಿನ ಜೊತೆ ಏರುತ್ತದೆ. ಚೊಚ್ಚಲಿನ ವಿಷಯಕ್ಕೆ ಇಷ್ಟು ಒತ್ತು ಕೊಡುತ್ತಿರುವುದು ಅದಕ್ಕೇ.

ತೊಂದರೆ ಶುರುವಾಗುವುದು ರಸ್ತೆಯಲ್ಲೇ. ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರದ ತೂಗುಸೇತುವೆ ದಾಟಿ ಬರಬೇಕಾದ ಮನೆಯವರು, ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಗತಿಯೇನು ಎಂದು ಮೊದಲ ನೋವಿಗೇ ಗಾಡಿ ಹತ್ತುತ್ತಾರೆ. ಅವರ ಭಯದಲ್ಲಿ ತಪ್ಪಿಲ್ಲ. ಆದರೆ ಚೊಚ್ಚಲ ಹೆರಿಗೆಯ ಆರಂಭ ಬಹಳ ನಿಧಾನ. ಗರ್ಭಕೋಶದ ಬಾಯಿ ಮೊದಲು ಮೆತ್ತಗಾಗಬೇಕು, ಗಿಡ್ಡವಾಗಬೇಕು, ಆಮೇಲೆ ತೆರೆಯಬೇಕು. ಇಷ್ಟಕ್ಕೇ ಒಂದು ಹಗಲು, ಒಂದು ರಾತ್ರಿ ಹಿಡಿದರೂ ಅದು ಕಾಯಿಲೆಯಲ್ಲ. ಆ ಬಾಯಿ 2 ಸೆಂ.ಮೀ. ತೆರೆದಾಗಲೇ ಬಂದವಳನ್ನು ನಾವು ಅಡ್ಮಿಟ್ ಮಾಡಿಕೊಳ್ಳುತ್ತೇವೆ, ಬಟ್ಟೆ ಬದಲಿಸಿ ಮಲಗಿಸುತ್ತೇವೆ, ಕೇಸ್‌ಶೀಟಿನಲ್ಲಿ ವೇಳೆ ಬರೆಯುತ್ತೇವೆ. ಗಡಿಯಾರ ಓಡಲು ಶುರುವಾಗುವುದು ಅಲ್ಲಿಂದಲೇ. ಎಂಟು ಗಂಟೆ ಕಳೆದು ಇನ್ನೂ 3 ಸೆಂ.ಮೀ. ಇದ್ದರೆ ಶೀಟಿನ ಮೇಲೆ ‘ಪ್ರಗತಿ ಇಲ್ಲ’ ಎಂದು ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದ್ದು ಬೇರೆ. ಹೆರಿಗೆಯ ಸಕ್ರಿಯ ಹಂತವನ್ನು ಎಣಿಸಬೇಕಾದದ್ದು 5 ಸೆಂ.ಮೀ.ಯಿಂದ. ಅಲ್ಲಿಂದ ಪೂರ್ತಿ 10 ಸೆಂ.ಮೀ. ತೆರೆಯಲು ಚೊಚ್ಚಲಿನಲ್ಲಿ 12 ಗಂಟೆಯವರೆಗೆ ಹಿಡಿಯಬಹುದು. ‘ಗಂಟೆಗೆ 1 ಸೆಂ.ಮೀ.’ ಎಂಬ ಹಳೆಯ ಲೆಕ್ಕ ತಪ್ಪಿತು ಎಂಬ ಒಂದೇ ಕಾರಣಕ್ಕೆ ಕೈ ಹಾಕಬಾರದು. ಅದೇ ಸಂಸ್ಥೆ 2020ರಲ್ಲಿ ಹೆರಿಗೆಯ ಪ್ರಗತಿಯನ್ನು ಗೆರೆಯಲ್ಲಿ ಗುರುತಿಸುವ ಹಳೆಯ ಪಾರ್ಟೋಗ್ರಾಫ್ ಹಾಳೆಗೆ ಬದಲಾಗಿ ಹೊಸ ಹಾಳೆಯನ್ನೇ ತಂದಿತು. ನಮ್ಮ ಅನೇಕ ವಾರ್ಡುಗಳಲ್ಲಿ ಇನ್ನೂ ಹಳೆಯ ಹಾಳೆ, ಹಳೆಯ ಗೆರೆ. ಒಂದು ಸುತ್ತೋಲೆ ಹೊರಡಿಸಿ ಹೊಸ ಹಾಳೆ ಅಚ್ಚು ಹಾಕಿಸಿ ಕಳಿಸಿದರೆ ಇದು ಸರಿಹೋಗುತ್ತದೆ.

ಹಾಗೆಂದು ಬೇಗ ಬಂದವಳನ್ನು ‘ಇನ್ನೂ ಟೈಮಿದೆ, ಮನೆಗೆ ಹೋಗಿ’ ಎಂದು ವಾಪಸು ಕಳಿಸುವುದೂ ಸರಿಯಲ್ಲ. ಯಲಹಂಕದಿಂದ ಆಟೋದಲ್ಲಿ ಬಂದವರು ಮತ್ತೆ ಹೋಗಿ ಬರಲಾರರು. ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ವಾರ್ಡಿನ ಹೊರಗೆ ಒಂದು ಕೋಣೆ ಬೇಕು: ಓಡಾಡಲು ಜಾಗ, ಕೂರಲು ಬೆನ್ನಿರುವ ಕುರ್ಚಿ, ಶೌಚಾಲಯ, ಬಿಸಿನೀರು. ಅಡ್ಮಿಷನ್ ಇಲ್ಲದೆ ಅಲ್ಲಿರಲಿ. ಅರ್ಧ ಗಂಟೆಗೊಮ್ಮೆ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿ, ನಾಲ್ಕು ಗಂಟೆ ಬಿಟ್ಟು ಒಳಪರೀಕ್ಷೆ ಮಾಡಿದರೆ ಸಾಕು. ಗಂಜಿ, ಇಡ್ಲಿ, ಮಜ್ಜಿಗೆ, ಎಳನೀರು ಯಾವುದಾದರೂ ಕೊಡಲಿ. ಆರೋಗ್ಯವಾಗಿರುವವಳನ್ನು ಹೊಟ್ಟೆ ಖಾಲಿ ಇಟ್ಟು ಡ್ರಿಪ್ಪಿನ ಮೇಲೆ ಇಡುವ ಅಗತ್ಯವಿಲ್ಲ. ಹಸಿದ ದೇಹ ಹನ್ನೆರಡು ಗಂಟೆಯ ದುಡಿಮೆ ಮಾಡಲಾರದು.

ಯಾವಾಗ ಹೊರಡಬೇಕು ಎಂಬುದನ್ನು ಆಶಾ ಕಾರ್ಯಕರ್ತೆಯರು ಏಳನೆಯ ತಿಂಗಳಲ್ಲೇ ಮನೆಯವರಿಗೆ ಹೇಳಿಕೊಡಲಿ. ಐದು ನಿಮಿಷಕ್ಕೊಮ್ಮೆ ನೋವು, ಒಂದೊಂದು ನೋವೂ ಸುಮಾರು ಒಂದು ನಿಮಿಷ, ಹೀಗೇ ಒಂದು ಗಂಟೆ ನಡೆದರೆ ಹೊರಡಬೇಕು. ದಾರಿ ದೂರವಿದ್ದರೆ ಸ್ವಲ್ಪ ಮುಂಚೆ. ಕಾಯದೆ ಹೊರಡಬೇಕಾದ ಸಂದರ್ಭಗಳು ಬೇರೆ: ನೀರು ಹೋದರೆ, ಅದರಲ್ಲೂ ಹಸಿರು ಬಣ್ಣದ್ದಾದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆನೋವು ಬಿಡದೆ ಕಣ್ಣು ಮಂಜಾದರೆ, 37 ವಾರ ತುಂಬುವ ಮೊದಲೇ ನೋವು ಬಂದರೆ. ಆಗ 108ಕ್ಕೆ ಕರೆ ಮಾಡಲಿ.

ಡೇಟಿನ ವಿಷಯವೂ ಇಲ್ಲಿ ಬರುತ್ತದೆ. ಸೀಮಂತವಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ರೂಢಿ ನಮ್ಮದು. ಅಷ್ಟು ತಿಂಗಳು ನೋಡಿದ ಡಾಕ್ಟರು ಒಂದು ಊರಲ್ಲಿ, ಹೆರಿಗೆ ಮಾಡಿಸುವವರು ಇನ್ನೊಂದು ಊರಲ್ಲಿ. ಕೈಯಲ್ಲಿ ಕಡೆಯ ಸ್ಕ್ಯಾನ್ ಮಾತ್ರ ಇರುತ್ತದೆ. ಮೊದಲ ಮೂರು ತಿಂಗಳ ಸ್ಕ್ಯಾನ್ ಕೊಡುವ ಡೇಟು ವಾರದೊಳಗೆ ಹೆಚ್ಚುಕಡಿಮೆ ಸರಿಯಿರುತ್ತದೆ. ಎಂಟು, ಒಂಬತ್ತನೆಯ ತಿಂಗಳ ಸ್ಕ್ಯಾನಿನ ಡೇಟು ಮೂರು ವಾರದವರೆಗೂ ತಪ್ಪಬಹುದು. ಆ ತಪ್ಪು ಡೇಟು ಹಿಡಿದು ‘ದಿನ ಮೀರಿದೆ’ ಎಂದು, ಬಾಯಿ ಇನ್ನೂ ಮೆತ್ತಗಾಗದ ಗರ್ಭಕೋಶಕ್ಕೆ ನೋವು ಬರಿಸಲು ಹೊರಟರೆ ಗರ್ಭಕೋಶ ಒಗ್ಗುವುದಿಲ್ಲ. ಎರಡು ದಿನ ಸುಸ್ತಾಗಿ ಕಡೆಗೆ ಆಪರೇಷನ್ ಥಿಯೇಟರ್ ಸೇರುವವರಲ್ಲಿ ಇಂಥವರು ಬಹಳ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಮೊದಲ ಸ್ಕ್ಯಾನಿನ ಡೇಟನ್ನು ದಪ್ಪಕ್ಷರದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿ. ಬೇರೆ ತೊಂದರೆ ಇಲ್ಲದಿದ್ದರೆ 41 ವಾರ ತುಂಬುವವರೆಗೆ ನೋವು ಬರಿಸುವ ಅಗತ್ಯವಿಲ್ಲ ಎಂಬುದನ್ನೂ ಅಲ್ಲೇ ಅಚ್ಚು ಹಾಕಿಸಿ.

ಇನ್ನು ಗರ್ಭಕೋಶವನ್ನು ಬಿಗಿಸಿ ನೋವು ತರುವ, ಜನ ‘ನೋವಿನ ಇಂಜೆಕ್ಷನ್’ ಎನ್ನುವ ಆಕ್ಸಿಟೋಸಿನ್. ಇದು ಒಳ್ಳೆಯ ಔಷಧ, ಆದರೆ ಅಳತೆ ತಪ್ಪಿದರೆ ಅಪಾಯ. ಹೆರಿಗೆ ನಿಜವಾಗಿಯೂ ನಿಧಾನವಾಗಿದೆ ಎಂದು ಖಚಿತವಾದ ಮೇಲೆ 500 ಎಂ.ಎಲ್. ಬಾಟಲಿಗೆ 2.5 ಯೂನಿಟ್ ಹಾಕಿ, ಎಂ.ಎಲ್.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 10 ಹನಿಯಿಂದ ಆರಂಭಿಸಬೇಕು. ಅರ್ಧ ಗಂಟೆಗೊಮ್ಮೆ 10 ಹನಿಯಂತೆ ಏರಿಸುತ್ತ, 10 ನಿಮಿಷದಲ್ಲಿ 3 ನೋವು, ಒಂದೊಂದೂ 40 ಸೆಕೆಂಡಿಗೆ ಮೇಲೆ ಬಂದರೆ ಏರಿಸುವುದನ್ನು ಅಲ್ಲಿಗೆ ನಿಲ್ಲಿಸಿ ಅದೇ ವೇಗದಲ್ಲಿ ಬಿಡಬೇಕು. 10 ನಿಮಿಷದಲ್ಲಿ 5ಕ್ಕಿಂತ ಹೆಚ್ಚು ನೋವು ಬಂದರೆ ಡ್ರಿಪ್ ಬಂದ್ ಮಾಡಬೇಕು. ಏಕೆಂದರೆ ಗರ್ಭಕೋಶ ಬಿಗಿದಾಗ ಮಾಸಿಗೆ ರಕ್ತ ಹರಿಯುವುದು ತಗ್ಗುತ್ತದೆ, ಸಡಿಲವಾದಾಗ ಮತ್ತೆ ಹರಿಯುತ್ತದೆ. ಎರಡು ನೋವಿನ ನಡುವಿನ ಬಿಡುವಿನಲ್ಲೇ ಮಗು ಸುಧಾರಿಸಿಕೊಳ್ಳುವುದು. ಬಿಡುವು ಹೋದರೆ ಎದೆಬಡಿತ ಇಳಿಯುತ್ತದೆ.

ಒಬ್ಬ ನರ್ಸಿಗೆ ಐದಾರು ಹೆರಿಗೆಯವರು ಇರುವ ರಾತ್ರಿ ಪಾಳಿಯಲ್ಲಿ ಈ ಹನಿ ಎಣಿಸುವವರು ಯಾರು? ಹೆರಿಗೆಯವಳು ಮಗ್ಗುಲಾದಾಗ ಕೈ ಮಡಚಿ ಡ್ರಿಪ್ ನಿಲ್ಲುತ್ತದೆ, ನೇರ ಮಾಡಿದಾಗ ಧಾರೆಯಾಗುತ್ತದೆ. ಹನಿಯ ವೇಗ ಹೊಂದಿಸುವ ಗಾಲಿ ತಿರುಗಿಸಿ ಹೋದವರು ವಾಪಸು ಬರುವಷ್ಟರಲ್ಲಿ ಬಾಟಲಿಯ ಕಾಲುಭಾಗ ಇಳಿದಿರುತ್ತದೆ. ‘ಮಗುವಿಗೆ ಸುಸ್ತಾಗಿದೆ, ಆಪರೇಷನ್ ಮಾಡಬೇಕು’ ಎಂದು ಮನೆಯವರ ಸಹಿ ಕೇಳುವ ಎಷ್ಟೋ ಕೇಸುಗಳಲ್ಲಿ ಆ ಸುಸ್ತು ತಂದದ್ದು ಈ ಡ್ರಿಪ್ಪೇ. ಹನಿಯನ್ನು ಅಳತೆಯಲ್ಲಿ ಬಿಡುವ ಇನ್‌ಫ್ಯೂಷನ್ ಪಂಪ್ ಇಲ್ಲದ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಲಾಗದ ಕಡೆ ಆಕ್ಸಿಟೋಸಿನ್ ಡ್ರಿಪ್ ಹಾಕಬಾರದು ಎಂದು ಆದೇಶ ಮಾಡಿ. ಮಗು ಹುಟ್ಟುವ ಮೊದಲು ಅದನ್ನು ಸ್ನಾಯುವಿಗೆ ಚುಚ್ಚುವುದಂತೂ ಎಲ್ಲಿಯೂ ನಡೆಯಬಾರದು; ಗರ್ಭಕೋಶ ಒಡೆದೀತು. ಔಷಧ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಹೊರಗೆ ಟ್ರೇನಲ್ಲಿ ಬಿಸಿಗೆ ಬಿದ್ದದ್ದು ಶಕ್ತಿ ಕಳೆದುಕೊಂಡು, ರಕ್ತಸ್ರಾವ ನಿಲ್ಲಿಸಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ.

ಮಲಗಿಸುವ ಬಗ್ಗೆ. ಹೆರಿಗೆ ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿ ಕಾಲು ಮೇಲೆ ಕಟ್ಟುವುದು ನಮಗೆ ಅನುಕೂಲ, ಅವಳಿಗಲ್ಲ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗಿ, ಮಾಸಿಗೂ ತಗ್ಗುತ್ತದೆ. ಹಿಂಬದಿಯ ಬಾಲಮೂಳೆ ಒತ್ತಿಕೊಂಡು ದಾರಿಯೂ ಕಿರಿದಾಗುತ್ತದೆ. ನಿಂತು, ನಡೆದು, ಮುಂದಕ್ಕೆ ಬಾಗಿ, ಎಡಮಗ್ಗುಲಾಗಿ ಇದ್ದರೆ ಮಗುವಿನ ಭಾರವೇ ಬಾಯಿ ತೆರೆಯಲು ನೆರವಾಗುತ್ತದೆ. ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದರೆ ನೋವೆಲ್ಲ ಸೊಂಟದಲ್ಲಿ ಕೂರುತ್ತದೆ, ಹೆರಿಗೆ ಎಳೆಯುತ್ತದೆ. ಮಂಡಿ, ಅಂಗೈ ಊರಿ ಬಗ್ಗಿಕೊಂಡರೆ ಆ ಸೊಂಟದ ನೋವು ಇಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ತೊಳೆಯಬಹುದಾದ ಮ್ಯಾಟ್, ಗೋಡೆಗೊಂದು ಹಿಡಿಕೆ. ಮಗುವಿನ ಎದೆಬಡಿತಕ್ಕೆಂದು ಗಂಟೆಗಟ್ಟಲೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಲಗಿಸಬೇಕಿಲ್ಲ. ತೊಂದರೆ ಇಲ್ಲದವಳಿಗೆ ಕೈ ಡಾಪ್ಲರಿನಿಂದ ಸಕ್ರಿಯ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ (ಮಗುವನ್ನು ಹೊರಗೆ ತಳ್ಳುವ) ಹಂತದಲ್ಲಿ 5 ನಿಮಿಷಕ್ಕೊಮ್ಮೆ, ಪ್ರತಿ ಸಲವೂ ಪೂರ್ತಿ ಒಂದು ನಿಮಿಷ ಕೇಳಬೇಕು. 110ರಿಂದ 160ರ ನಡುವೆ ಇದ್ದರೆ ಸರಿ.

ಜೊತೆಗಾರ್ತಿಯ ಮಾತಿಗೆ ಬರೋಣ. ಇಡೀ ಪತ್ರದಲ್ಲಿ ಒಂದೇ ಒಂದನ್ನು ಒಪ್ಪುವುದಾದರೆ ಇದನ್ನು ಒಪ್ಪಿ. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಜೊತೆಗಾರ್ತಿಯನ್ನು ಒಳಗೆ ಬಿಡಲು ಹೇಳಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರ ಡಿಸೆಂಬರಿನಲ್ಲಿ ಬಂದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಅದಿದೆ. ಆದರೂ ಎಷ್ಟೋ ಕಡೆ ತಾಯಿ, ಅತ್ತೆ, ಅಕ್ಕ ಎಲ್ಲರೂ ಗಾಜಿನ ಬಾಗಿಲಿನ ಆಚೆ. ‘ಪಕ್ಕದ ಹೆಂಗಸರ ಮಾನದ ಪ್ರಶ್ನೆ’ ಎನ್ನುತ್ತೇವೆ. ಅದಕ್ಕೆ ಬೇಕಾದದ್ದು ಟೇಬಲ್ಲಿನ ಸುತ್ತ ಪರದೆ. ‘ಸೋಂಕು’ ಎನ್ನುತ್ತೇವೆ. ಕೈ ತೊಳೆದು, ಒಗೆದ ಗೌನು, ಬೇರೆ ಚಪ್ಪಲಿ ಹಾಕಿ ಬಂದವರಿಂದ ಬರುವ ಸೋಂಕು ನಮ್ಮಿಂದಲೂ ಬರಬಹುದಾದಷ್ಟೇ.

ಜೊತೆಗಾರ್ತಿಯ ಕೆಲಸವನ್ನು ಬರೆದೇ ಕೊಡಬಹುದು. ನೋವು ಬಂದಾಗ ಸೊಂಟದ ಕೆಳಗೆ ಅಂಗೈಯಿಂದ ಗಟ್ಟಿಯಾಗಿ ಒತ್ತುವುದು. ನೋವು ಇಳಿದಾಗ ಎರಡು ಗುಟುಕು ನೀರು ಕುಡಿಸುವುದು. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಎಬ್ಬಿಸುವುದು, ಏಕೆಂದರೆ ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಬಿಡುವುದಿಲ್ಲ. ರಕ್ತ ಕಂಡರೆ, ಮುಕ್ಕಬೇಕೆನಿಸಿದರೆ ನರ್ಸನ್ನು ಕರೆಯುವುದು. ಚಿಕಿತ್ಸೆಯಲ್ಲಿ ಕೈ ಹಾಕದಿರುವುದು. ತಮಿಳು, ತೆಲುಗು, ಹಿಂದಿ, ಬಂಗಾಳಿ ಮಾತಾಡುವ ಹೆಣ್ಣುಮಕ್ಕಳು ಇಲ್ಲಿ ಹೆರುತ್ತಾರೆ. ನಾವು ಹೇಳಿದ್ದು ಅವರಿಗೆ, ಅವರು ಹೇಳಿದ್ದು ನಮಗೆ ತಲುಪಬೇಕಾದರೂ ಪಕ್ಕದಲ್ಲಿ ಅವರ ಮನೆಯವರು ಬೇಕು. ಒಂಟಿಯಾಗಿ ಹೆದರಿದವಳ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಏರಿದಷ್ಟೂ ಅವಳ ದೇಹವೇ ತಯಾರಿಸುವ ಆಕ್ಸಿಟೋಸಿನ್ ಕುಗ್ಗಿ ನೋವು ಸಡಿಲವಾಗುತ್ತದೆ. ಆಮೇಲೆ ನಾವು ಬಾಟಲಿ ತೂಗುಹಾಕುತ್ತೇವೆ. ಕಿರುಚಿದ್ದಕ್ಕೆ ತೊಡೆಗೆ ಹೊಡೆಯುವುದು, ಗಂಡನ ಹೆಸರೆತ್ತಿ ಹೊಲಸು ಮಾತಾಡುವುದು ನಮ್ಮ ವೃತ್ತಿಯಲ್ಲಿ ಇಂದಿಗೂ ನಡೆಯುತ್ತಿದೆ. ಮನೆಯವರೊಬ್ಬರು ಪಕ್ಕದಲ್ಲಿದ್ದರೆ ಅದಕ್ಕೆ ಅವಕಾಶವಿರುವುದಿಲ್ಲ.

ಮುಕ್ಕುವ ಹಂತದಲ್ಲಿ ಆತುರ ಮಿತಿಮೀರುತ್ತದೆ. ಬಾಯಿ ಪೂರ್ತಿ ತೆರೆಯುವ ಮೊದಲೇ ‘ಮುಕ್ಕು, ಮುಕ್ಕು’ ಎಂದು ಎಲ್ಲರೂ ಕೂಗಿದರೆ ಬಾಯಿಯ ಅಂಚು ಊದಿಕೊಳ್ಳುತ್ತದೆ, ಅವಳ ಶಕ್ತಿ ಮುಗಿಯುತ್ತದೆ. ಪೂರ್ತಿ ತೆರೆದ ಮೇಲೂ ಮುಕ್ಕಬೇಕೆಂಬ ಒತ್ತಡ ಅವಳಿಗೇ ಬರುವವರೆಗೆ ಕಾಯಬೇಕು. ತಾಯಿ, ಮಗು ಚೆನ್ನಾಗಿದ್ದರೆ ಈ ಹಂತಕ್ಕೆ ಚೊಚ್ಚಲಿನಲ್ಲಿ 3 ಗಂಟೆಯವರೆಗೆ ಅವಕಾಶವಿದೆ. ಹೊಟ್ಟೆಯ ಮೇಲೆ ಮೊಣಕೈ ಇಟ್ಟು ಮಗುವನ್ನು ಕೆಳಗೆ ತಳ್ಳುವುದನ್ನು ಪೂರ್ತಿ ನಿಷೇಧಿಸಿ. ಅದರಿಂದ ಮೂತ್ರದ್ವಾರ, ಗುದದ್ವಾರದ ಕಡೆ ಚರ್ಮ ಹರಿದುಹೋಗಬಹುದು, ಗರ್ಭಕೋಶವೂ ಒಡೆಯಬಹುದು.

ತಲೆ ಕಾಣಿಸಿ, ನೋವು ಇಳಿದಾಗಲೂ ಒಳಸರಿಯದೆ ನಿಂತಿತು ಎಂದಾಗ ನಮ್ಮ ಕೆಲಸ ಅತ್ಯಂತ ನಿಧಾನವಾಗಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಮೊದಲು ನಮ್ಮ ಮಣಿಕಟ್ಟಿಗೆ ತಾಗಿಸಿ ಸುಡುವುದಿಲ್ಲ ಎಂದು ನೋಡಿ, ಯೋನಿ ಮತ್ತು ಗುದದ ನಡುವಿನ ಜಾಗಕ್ಕೆ ಒತ್ತಿ ಹಿಡಿಯಬೇಕು. ಒಂದು ಕೈ ಅಲ್ಲಿ ಆಸರೆ. ಇನ್ನೊಂದು ಕೈಯ ಬೆರಳುಗಳು ತಲೆಯ ಮೇಲೆ ಹಗುರವಾಗಿ, ಒಮ್ಮೆಲೇ ಚಿಮ್ಮದಂತೆ. ‘ಈಗ ಮುಕ್ಕಬೇಡಮ್ಮಾ, ಬಾಯಿ ತೆರೆದು ಊದು, ಸಣ್ಣಸಣ್ಣ ಉಸಿರು ಬಿಡು’ ಎಂದು ಮೆಲ್ಲಗೆ ಹೇಳಬೇಕು. ಚರ್ಮ ಬಿಳಿಚಿಕೊಂಡು ತೆಳುವಾಗಿ, ಹಣೆ, ಮೂಗು, ಗಲ್ಲ ಒಂದೊಂದಾಗಿ ಜಾರಿ ಬರುತ್ತವೆ. ಹೀಗೆ ಕಾದರೆ ಚರ್ಮ ದೊಡ್ಡದಾಗಿ ಹರಿಯುವುದು ತಪ್ಪುತ್ತದೆ. ಚೊಚ್ಚಲು ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಯೋನಿಯ ಅಂಚಿಗೆ ಕತ್ತರಿ ಹಾಕುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿದೆ. ಕೊಯ್ಯಲೇಬೇಕಾದರೆ, ಹೊಲಿಯಲೇಬೇಕಾದರೆ ಮರಗಟ್ಟಿಸುವ ಲಿಗ್ನೋಕೇನ್ ಕೊಟ್ಟು, ಅದು ಹಿಡಿಯಲು ಕೆಲವು ನಿಮಿಷ ಬಿಟ್ಟು, ಆಮೇಲೆ ಸೂಜಿ ಹಿಡಿಯಬೇಕು. ‘ಎರಡೇ ಹೊಲಿಗೆ, ತಡೆದುಕೊ’ ಎನ್ನುವುದು ಚಿಕಿತ್ಸೆಯಲ್ಲ. ಹೆರಿಗೆಗೆ ಮುನ್ನ ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು ಕೂಡ ಅನಗತ್ಯ. ನೋವು ತಡೆಯಲಾರೆ ಎಂದು ಕೇಳಿದವಳಿಗೆ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಔಷಧ) ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುವಂತಾಗಬೇಕು. ಇವತ್ತು ಅದು ದುಡ್ಡಿದ್ದವರ ಸೌಲಭ್ಯವಾಗಿಬಿಟ್ಟಿದೆ.

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್. ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಬೇಕು. ಅಷ್ಟರಲ್ಲಿ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರಿ ಮುಂದಿನ ತಿಂಗಳುಗಳ ಕಬ್ಬಿಣಾಂಶ ಕೂಡಿಬರುತ್ತದೆ. ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಮೇಲೆ ಬಟ್ಟೆ ಹೊದಿಸಬೇಕು. ಮೊದಲ ಗಂಟೆ ಅಲ್ಲಿಯೇ ಇರಲಿ, ಅಲ್ಲಿಯೇ ಗಿಣ್ಣುಹಾಲು ಕುಡಿಯಲಿ. ಸ್ನಾನ 24 ಗಂಟೆ ಕಳೆದ ಮೇಲೆ. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಅಂದಾಜು ಸದಾ ಕಡಿಮೆಯೇ ಇರುತ್ತದೆ. ಗೆರೆ ಹಾಕಿದ ಪ್ಲಾಸ್ಟಿಕ್ ಚೀಲವನ್ನು ಕೆಳಗೆ ಹಾಸಿದರೆ 500 ಎಂ.ಎಲ್. ಮುಟ್ಟುವ ಮೊದಲೇ ಎಚ್ಚೆತ್ತುಕೊಳ್ಳಬಹುದು. ಈ ಗಂಟೆಯಲ್ಲೇ ಮಗುವನ್ನು ಎತ್ತಿಕೊಂಡು ಹೋಗಿ, ಹೊರಗೆ ಕಾದವರಿಗೆ ತೋರಿಸಿ, ಗಂಡಾದರೆ ಇಷ್ಟು ಹೆಣ್ಣಾದರೆ ಇಷ್ಟು ಎಂದು ದುಡ್ಡು ಕೇಳುವ ಚಟ ಇನ್ನೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಉಚಿತ. ಇದನ್ನು ಕನ್ನಡದಲ್ಲೂ ಹಿಂದಿಯಲ್ಲೂ ವಾರ್ಡಿನ ಬಾಗಿಲಲ್ಲಿ ಬರೆಸಿ.

ಖಾಸಗಿಯವರಿಗೆ ಒಂದು ಮಾತು. ‘ಕರುಳು ಕುತ್ತಿಗೆಗೆ ಸುತ್ತಿದೆ’ (ಹೊಕ್ಕುಳಬಳ್ಳಿಗೇ ಜನ ಕರುಳು ಎನ್ನುವುದು) ಎಂದರೆ ಯಾವ ಮನೆಯವರೂ ನಡುಗುತ್ತಾರೆ. ಹುಟ್ಟುವ ಮಕ್ಕಳಲ್ಲಿ ನಾಲ್ಕಕ್ಕೊಂದರಷ್ಟು ಹಾಗೆ ಸುತ್ತಿಕೊಂಡೇ ಹುಟ್ಟುತ್ತವೆ. ಬಹುಪಾಲು ತಲೆಯ ಮೇಲಿಂದ ಜಾರಿಸಿದರೆ ಮುಗಿಯಿತು. ‘ಮಗು ದಪ್ಪ’ ಎಂಬ ಸ್ಕ್ಯಾನ್ ತೂಕದಲ್ಲಿ ನೂರಕ್ಕೆ ಹತ್ತು, ಹದಿನೈದು ಹೆಚ್ಚುಕಡಿಮೆ ಇರುತ್ತದೆ. ಒಬ್ಬರೇ ಪ್ರಸೂತಿ ವೈದ್ಯರಿರುವ ನರ್ಸಿಂಗ್ ಹೋಮಿನಲ್ಲಿ ರಾತ್ರಿಯಿಡೀ ಕಾಯುವುದು ಕಷ್ಟ, ಅರಿವಳಿಕೆ ವೈದ್ಯರನ್ನು ಮಧ್ಯರಾತ್ರಿ ಕರೆಸುವುದು ಇನ್ನೂ ಕಷ್ಟ ಎಂಬುದು ನಮಗೂ ಗೊತ್ತು. ನಾಲ್ಕೈದು ವೈದ್ಯರು ಸೇರಿ ಪಾಳಿ ಹಂಚಿಕೊಂಡರೆ ಕಾಯುವ ಭಾರ ಒಬ್ಬರ ಮೇಲೆ ಬೀಳುವುದಿಲ್ಲ. ಮುಹೂರ್ತ ಇಡಿಸಿಕೊಂಡು ಬರುವ ಮನೆಯವರಿಗೆ ಇಲ್ಲವೆನ್ನುವ ಧೈರ್ಯವೂ ಬೇಕು. 39 ವಾರಕ್ಕೆ ಮೊದಲು ಕಾರಣವಿಲ್ಲದೆ ತೆಗೆದ ಮಗು ಉಸಿರಾಟದ ತೊಂದರೆಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಸೇರಬಹುದು.

ಹಾಗಾಗಿ ಸರ್ಕಾರದಿಂದ ಇನ್ನೂ ಎರಡು ಆದೇಶ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದ ರಾಬ್ಸನ್ ವರ್ಗೀಕರಣ ಹೆರಿಗೆಯವರನ್ನು ಹತ್ತು ಗುಂಪು ಮಾಡುತ್ತದೆ. ಮೊದಲ ಗುಂಪು: ಚೊಚ್ಚಲು, ಒಂದೇ ಮಗು, ತಲೆ ಕೆಳಗೆ, 37 ವಾರ ತುಂಬಿದೆ, ನೋವು ತಾನಾಗಿ ಬಂದಿದೆ. ಎರಡನೆಯದು: ಉಳಿದದ್ದೆಲ್ಲ ಹಾಗೇ, ಆದರೆ ನೋವು ಬರಿಸಿದ್ದು ಅಥವಾ ನೋವಿಗೆ ಮುನ್ನವೇ ಆಪರೇಷನ್. ಈ ಎರಡು ಗುಂಪಿನ ಸಿಸೇರಿಯನ್ ಪ್ರಮಾಣವನ್ನು ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೂರು ತಿಂಗಳಿಗೊಮ್ಮೆ ಇಲಾಖೆಗೆ ಕೊಟ್ಟು ರಿಸೆಪ್ಷನ್ನಿನಲ್ಲಿ ಹಾಕಬೇಕು. ಒಟ್ಟು ಪ್ರಮಾಣ ಕೇಳಿದರೆ ‘ನಮಗೆ ಕಷ್ಟದ ಕೇಸುಗಳೇ ಬರುತ್ತವೆ’ ಎಂಬ ಉತ್ತರ ಬರುತ್ತದೆ. ಮೊದಲ ಗುಂಪಿನಲ್ಲಿ ಆ ಉತ್ತರ ನಡೆಯುವುದಿಲ್ಲ.

ಎರಡನೆಯದು ಜನರ ಬಗ್ಗೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಅವರು ಪ್ರತಿ ಬಸುರಿಯ ಪಕ್ಕದಲ್ಲಿ ಕೂತು ಕಾದವರು. ಹಾಗೆ ಕೂರುವುದಕ್ಕೇ ಒಂದು ಹುದ್ದೆ ನಮ್ಮ ವಾರ್ಡುಗಳಲ್ಲಿ ಬೇಕು. ಕೇಂದ್ರದ 2018ರ ಸೂಲಗಿತ್ತಿ ಸೇವಾ ಮಾರ್ಗಸೂಚಿ ನರ್ಸುಗಳಿಗೆ 18 ತಿಂಗಳ ತರಬೇತಿಯನ್ನೇ ರೂಪಿಸಿದೆ. ಆ ತರಬೇತಿ ಮುಗಿಸಿದವರನ್ನು ಹೆರಿಗೆ ವಾರ್ಡಿನಲ್ಲೇ ಉಳಿಸಿ. ಜ್ವರದ ವಾರ್ಡಿಗೂ ಒಪಿಡಿಗೂ ಎಳೆಯಬೇಡಿ. ತೊಂದರೆ ಇಲ್ಲದ ಚೊಚ್ಚಲ ಹೆರಿಗೆಗಳನ್ನು ಅವರಿಗೇ ಒಪ್ಪಿಸಿ, ಗೋಡೆಯಾಚೆ ವೈದ್ಯರು, ಥಿಯೇಟರ್, ರಕ್ತ ಸಿದ್ಧವಿರಲಿ.

ಪರದೆ, ಸ್ಟೂಲು, ಮ್ಯಾಟು, ಡಾಪ್ಲರ್, ಗೆರೆ ಹಾಕಿದ ಚೀಲ, ಹೊಸ ಹಾಳೆಗಳಿಗೆ ದೊಡ್ಡ ಟೆಂಡರಿಗಾಗಿ ಕಾಯಬೇಕಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲೇ ಕೊಳ್ಳಬಹುದು. ಜೊತೆಗಾರ್ತಿಯನ್ನು ಒಳಗೆ ಬಿಡುವ ಸುತ್ತೋಲೆಗೆ ಅದೂ ಬೇಕಿಲ್ಲ. ಅದನ್ನು ಮೊದಲು ಹೊರಡಿಸಿ. ವಾರ್ಡಿನ ಸಿಬ್ಬಂದಿಗೆ ಇದನ್ನೆಲ್ಲ ಕೈಹಿಡಿದು ತೋರಿಸಿಕೊಡಲು ನಮ್ಮ ರಜೆಯ ದಿನಗಳಲ್ಲಿ ಬರುತ್ತೇವೆ.

ಇತಿ,
ಬೆಂಗಳೂರಿನ ಹೆರಿಗೆ ವಾರ್ಡುಗಳ ನರ್ಸುಗಳು ಮತ್ತು ಪ್ರಸೂತಿ ವೈದ್ಯರು